ಜಗಲಿ ಮುಂದೆ ತೋಡಿದ ಚರಂಡಿ

ನಮ್ಮೂರಿಗೆ ಬಸ್ ಸ್ಟ್ಯಾಂಡ್ ಅಂತ ಯಾವತ್ತೂ ಇರಲಿಲ್ಲ. ಇದ್ದದ್ದು ನನ್ನ ಮನೆಯ ಜಗಲಿ. ಊರು ತೆಂಗಿನ ತೋಟಗಳ ಒಳಗೆ ಅಡಗಿಕೊಂಡಿದೆ. ನನ್ನ ಮನೆಯೊಂದೇ ರಸ್ತೆಗೆ ಅಂಟಿಕೊಂಡು ಗುಡ್ಡದ ಬುಡದಲ್ಲಿದೆ. ತಿಪಟೂರಿನಿಂದ ಕಿಬ್ಬನಹಳ್ಳಿ ಕ್ರಾಸ್ ಮೇಲೆ ಬರುವ ಬಸ್ಸು ನಮ್ಮ ಮನೆ ಮುಂದಿನ ಹೊಂಗೆ ಮರದ ನೆರಳಿನಲ್ಲಿ ನಿಲ್ಲುತ್ತಿತ್ತು. ಹೋಗುವವರು ಬಸ್ಸಿಗಿಂತ ಬಹಳ ಮುಂಚೆ ಬಂದು ಜಗಲಿ ಮೇಲೆ ಕೂರುತ್ತಿದ್ದರು. ಬಂದವರು ಇಳಿದು ಒಂದು ಚೊಂಬು ನೀರು ಕುಡಿದು ಊರೊಳಕ್ಕೆ ನಡೆಯುತ್ತಿದ್ದರು. ಕೇಳಿ ಕೂರುತ್ತಿದ್ದರು ಅಂದುಕೊಳ್ಳಬೇಡಿ. ಅದು ಯಾರ ಮನೆ ಜಗಲಿ ಅನ್ನುವುದೇ ಅವರಿಗೆ ಮರೆತುಹೋಗಿತ್ತು. ಎಲೆಗೆ ಸುಣ್ಣ ಹಚ್ಚಿ ಬೆರಳನ್ನು ನನ್ನ ಗೋಡೆಗೆ ಒರೆಸುವವರು, ಬಸ್ಸು ತಪ್ಪಿದರೆ ನಾನೇ ಕಳಿಸಿಬಿಟ್ಟೆ ಅನ್ನುವ ಹಾಗೆ ನನ್ನ ಮೇಲೆ ರೇಗುವವರು, ಎಲ್ಲರೂ ಅಲ್ಲಿದ್ದರು. ‘ನಿಮ್ಮಪ್ಪನ ಮನೆ ಜಗಲಿ ಏನ್ರೋ ಇದು?’ ಅಂತ ದಿನಕ್ಕೊಂದು ಸಲವಾದರೂ ಕೂಗದಿದ್ದರೆ ನನಗೆ ಉಂಡದ್ದು ಅರಗುತ್ತಿರಲಿಲ್ಲ.

ಯಜಮಾನರು ತೀರಿಕೊಂಡ ಮೇಲೆ ನನ್ನ ದಿನದ ಮಾತೆಲ್ಲ ಆ ಬೈಗುಳದಲ್ಲೇ ಮುಗಿಯುತ್ತಿತ್ತು. ನಮಗೆ ಮಕ್ಕಳಿಲ್ಲ. ಹಿತ್ತಲಿನಾಚೆ ಒಂದಿಷ್ಟು ತೆಂಗು, ಕೊಟ್ಟಿಗೆಯಲ್ಲಿ ಒಂದು ಹಸು. ಹಸುವಿನ ಜೊತೆ ಎಷ್ಟು ಬೇಕಾದರೂ ಮಾತಾಡಬಹುದು, ತಿರುಗಿ ಬೈಯಿಸಿಕೊಳ್ಳುವ ಸುಖ ಇರುವುದಿಲ್ಲ. ಬೆಳಗಿನ ಬಸ್ಸು ಹೋದ ಮೇಲೆ ಸಂಜೆ ಬಸ್ಸಿನವರೆಗೂ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ. ಸಂಜೆಯ ಮೊದಲ ಮಾತು ಗೊಗ್ಗರು ಗಂಟಲಲ್ಲಿ ಬರುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಊರಿಗೇ ಬಾಯಿಬಡುಕಿ ಅನ್ನಿಸಿಕೊಂಡವಳು ಮಾತಿಗೆ ಹಸಿದಿದ್ದಾಳೆ ಅಂದರೆ ಯಾರು ನಂಬುತ್ತಾರೆ?

ಹೂವಿನವಳಿಗೆ ಮಾತ್ರ ಗೊತ್ತಿತ್ತು ಅಂತ ಕಾಣುತ್ತದೆ. ಅವಳು ಊರೊಳಗಿನಿಂದ ಬುಟ್ಟಿ ಹೊತ್ತು ಬಂದು, ದಿನಾ ಬೆಳಗಿನ ಬಸ್ಸಿಗೆ ತಿಪಟೂರಿಗೆ ಹೋಗಿ ಹೂವು ಮಾರುವವಳು. ಬಿಡಿ ಹೂವನ್ನು ನನ್ನ ಜಗಲಿ ಮೇಲೆ ಕೂತೇ ಕಟ್ಟುತ್ತಿದ್ದಳು. ಮನೆಯಲ್ಲೇ ಕಟ್ಟಿ ತರಬಹುದಲ್ಲ ಅಂದರೆ, ‘ಇಲ್ಲಾದ್ರೆ ಗಾಳಿ ಐತೆ ಕಣಕ್ಕಾ’ ಅನ್ನುತ್ತಿದ್ದಳು. ಅವಳು ಹೂವು ಕಟ್ಟುವಷ್ಟು ಹೊತ್ತು ನಾವಿಬ್ಬರೂ ಊರಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ಆಡಿಕೊಳ್ಳುತ್ತಿದ್ದೆವು. ಆ ಒಂದು ಹೊತ್ತಿಗೋಸ್ಕರ ನಾನು ಬೆಳಗಾಗೆದ್ದು ಜಗಲಿ ಸಾರಿಸುತ್ತಿದ್ದೆ.

ಗುಡ್ಡ ಜಾರುವುದು ನಮ್ಮ ಸೀಮೆಯ ಮಾತೇ ಅಲ್ಲ. ಟಿವಿಯಲ್ಲಿ ಘಟ್ಟದ ಕಡೆಯದನ್ನು ನೋಡಿ ‘ಅಯ್ಯೋ ಪಾಪ’ ಅಂದು ಚಾನೆಲ್ ಬದಲಾಯಿಸುವವರು ನಾವು. ಇಲ್ಲಿ ಮಳೆ ಬಂದರೆ ಜನ ಎದ್ದು ಬಾಗಿಲಿಗೆ ಬಂದು ನೋಡುತ್ತಾರೆ. ಆ ಮಳೆಗಾಲದಲ್ಲಿ ಮಾತ್ರ ನೋಡಿ ನೋಡಿ ಸಾಕಾಯಿತು. ಕೆರೆ ಕೋಡಿ ಬಿತ್ತು, ಅಟ್ಟದ ಮೇಲಿನ ಕೊಬ್ಬರಿ ಬೂಷ್ಟು ಹಿಡಿಯಿತು. ಒಂದು ಮಧ್ಯಾಹ್ನ ಹಸುವಿಗೆ ಹುಲ್ಲು ಹಾಕುತ್ತಿದ್ದಾಗ ಲಾರಿಯಿಂದ ಜಲ್ಲಿ ಸುರಿದಂಥ ಸದ್ದಾಯಿತು. ಮುಂದಕ್ಕೆ ಬಂದು ನೋಡಿದರೆ ರಸ್ತೆಯೇ ಇಲ್ಲ. ಗುಡ್ಡದ ಒಂದು ಪಕ್ಕೆ ಕಲ್ಲು, ಕೆಮ್ಮಣ್ಣು, ಲಂಟಾನ ಪೊದೆ ಸಮೇತ ಇಳಿದು ಬಂದು ರಸ್ತೆ ಮೇಲೆ ಮಲಗಿತ್ತು. ಹಳೆಯ ಚರಂಡಿ ಎಲ್ಲಿತ್ತು ಅನ್ನುವ ಗುರುತೂ ಉಳಿದಿರಲಿಲ್ಲ. ಒಂದು ಕಡೆ ನೀರು ರಸ್ತೆಯನ್ನೇ ಕೊರೆದು ಹಳ್ಳ ಮಾಡಿತ್ತು. ನನ್ನ ತೋಟದ ಮೂಲೆಯ ತೆಂಗಿನ ಮರವೊಂದು ಬುಡ ಸಮೇತ ಮಗುಚಿ ಅಡ್ಡ ಬಿದ್ದಿತ್ತು. ಮನೆಗೆ, ಜಗಲಿಗೆ, ಹೊಂಗೆ ಮರಕ್ಕೆ ಏನೂ ಆಗಿರಲಿಲ್ಲ.

ಯಾಕೆ ಜಾರಿತು ಅಂತ ಯಾರೂ ಬಹಳ ಚರ್ಚೆ ಮಾಡಲಿಲ್ಲ. ತೆಂಗಿನ ಬುಡಕ್ಕೆ ಹೊಸಮಣ್ಣು ಹೊಡೆಯಬೇಕು ಅನ್ನಿಸಿದಾಗಲೆಲ್ಲ ಊರಿನ ಟ್ರ್ಯಾಕ್ಟರುಗಳು ಆ ಗುಡ್ಡದ ಬುಡವನ್ನೇ ಕೆರೆದಿದ್ದವು. ನನ್ನ ಅಂಗಳ ಮಟ್ಟ ಮಾಡಲು ಹಾಕಿಸಿದ್ದೂ ಅದೇ ಮಣ್ಣು. ‘ನಾವು ಗಾಡಿ ಗಾಡೀಲಿ ತರ್ತಿದ್ವಿ, ಅದು ಒಂದೇ ಸಲ ಬಂದದೆ ಬುಡು’ ಅಂದರು ಎದುರು ತೋಟದ ಯಜಮಾನರು. ಅವರ ತೋಟ ರಸ್ತೆಯ ಆಚೆ ಬದಿಗೆ, ನನ್ನ ಮನೆಗೆ ನೇರ ಎದುರು. ಮಾತು ಕಡಿಮೆ, ಆಡಿದರೆ ಮೊಳೆ ಹೊಡೆದ ಹಾಗೆ.

ಬಸ್ಸು ನಿಂತುಹೋಯಿತು. ಹಾಲಿನ ವ್ಯಾನೂ ಕ್ರಾಸಿನಿಂದಲೇ ವಾಪಸ್ಸು ಹೋಗುತ್ತಿತ್ತು. ಮಣ್ಣು ತೆಗೆಯುವ ಯಂತ್ರ ಬೇರೆ ಕಡೆ ಕೆಲಸದಲ್ಲಿದೆ, ಬರುತ್ತದೆ, ತಡೀರಿ ಅಂತ ಪಂಚಾಯ್ತಿಯಿಂದ ಉತ್ತರ ಬಂತು. ತಡೆದರು. ನಾನೂ ತಡೆದೆ, ಖಾಲಿ ಜಗಲಿಯ ಮೇಲೆ ಕೂತು. ಅಷ್ಟು ಉದ್ದದ ಜಗಲಿ ಅದು ಅಂತ ನನಗೆ ಆವಾಗಲೇ ಗೊತ್ತಾದದ್ದು. ಬೈಯಲು ಒಬ್ಬರಿಲ್ಲ. ಗೋಡೆಯ ಮೇಲಿನ ಸುಣ್ಣದ ಗೆರೆಗಳನ್ನು ಉಜ್ಜಿ ತೆಗೆಯೋಣ ಅಂತ ಬಟ್ಟೆ ಒದ್ದೆ ಮಾಡಿಕೊಂಡು ಹೋದವಳು, ಯಾಕೋ ಹಾಗೇ ಬಿಟ್ಟು ಬಂದೆ.

ಕೊನೆಗೆ ಊರಿನವರೇ ಗುದ್ದಲಿ ಹಿಡಿದರು. ಮನೆಗೊಬ್ಬರಂತೆ ಶ್ರಮದಾನ ಅಂತ ತೀರ್ಮಾನವಾಯಿತು. ನನ್ನ ಮನೆಯಿಂದ ನಾನೇ. ‘ನೀನ್ಯಾಕಕ್ಕಾ, ಸುಮ್ನೆ ಕೂತ್ಕೊ’ ಅಂದರು. ‘ಕೂತು ಕೂತು ಜಗಲೀನೇ ಸವೆದದೆ’ ಅಂದು ಸೆರಗು ಬಿಗಿದು ಬಾಂಡ್ಲಿ ಎತ್ತಿಕೊಂಡೆ. ರಸ್ತೆಯ ಮಧ್ಯೆ ಒಂದು ಕಾಯಿ ಒಡೆದು ಕೆಲಸ ಶುರು ಮಾಡಿದರು. ಗಂಡಸರು ಅಗೆದು ತುಂಬಿಸುವುದು, ಹೆಂಗಸರು ಸಾಲಾಗಿ ನಿಂತು ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುವುದು. ನನ್ನ ಪಕ್ಕ ಹೂವಿನವಳು. ಹೂವು ಕಟ್ಟುವ ಬೆರಳು ಮಣ್ಣಿಗೆ ಒಗ್ಗದೆ ಅವಳ ಉಗುರೆಲ್ಲ ಸೀಳಿದ್ದವು. ಬಾಯಿ ಮಾತ್ರ ನಿಲ್ಲಲಿಲ್ಲ. ‘ಕೈ ಕೆಸರಾಯ್ತು, ಬಾಯಿಗೆ ಮೊಸರೆಲ್ಲಕ್ಕಾ?’ ಅಂದಳು. ಹಸು ಕರೆದ ಹಾಲು ಡೇರಿಗೆ ಹೋಗದೆ ಮನೆಯಲ್ಲೇ ಉಳಿದಿತ್ತಲ್ಲ, ಮಾರನೆಯ ದಿನ ಒಂದು ಗಡಿಗೆ ಮೊಸರು ತಂದಿಟ್ಟೆ.

ನಿಜ ಹೇಳುತ್ತೇನೆ, ಅವು ನನ್ನ ಒಳ್ಳೆಯ ದಿನಗಳು. ಹಾರೆ, ಗುದ್ದಲಿ ಇಡುವುದು ನನ್ನ ಜಗಲಿಯಲ್ಲಿ. ಊಟ ನನ್ನ ಅಂಗಳದಲ್ಲಿ. ಒಲೆ ಹೊರಗೇ ಹೂಡಿ ಮುದ್ದೆ ತೊಳಸುತ್ತಿದ್ದೆವು, ಹುರುಳಿಕಾಳಿನ ಬಸ್ಸಾರು ಕುದಿಯುತ್ತಿತ್ತು. ಉಂಡವರು ಹೊಂಗೆ ನೆರಳಿನಲ್ಲಿ ಉರುಳಿಕೊಂಡರೆ ನಾನು ಒಬ್ಬೊಬ್ಬರನ್ನೇ ಬೈದು ಎಬ್ಬಿಸುತ್ತಿದ್ದೆ. ಸಂಜೆ ಎಲ್ಲರೂ ಹೊರಟುಹೋದ ಮೇಲೂ ಗಂಟಲು ಗೊಗ್ಗರಾಗುತ್ತಿರಲಿಲ್ಲ. ಮೈಕೈ ನೋವಿನಿಂದ ಬೇಗ ನಿದ್ದೆ ಬರುತ್ತಿತ್ತು. ಬಸ್ಸು ಬೇಗ ಬರಲಿ ಅಂತಲೂ ಆಸೆ, ಕೆಲಸ ಮುಗಿಯದಿರಲಿ ಅಂತಲೂ ಆಸೆ.

ಕೆಲಸ ಮುಗಿಯಿತು. ಆದರೆ ಆದದ್ದು ತೆಂಗಿನವರ ಕೆಲಸ.

ತೆಂಗಿನ ತೋಟದವರು ಹುಟ್ಟಿದಾಗಿನಿಂದ ಕಲಿಯುವುದು ಒಂದೇ ವಿದ್ಯೆ: ನೀರು ಬಿಡಬಾರದು. ಬೇಸಿಗೆಗೆ ಹೆದರಿದವರು ನಾವು. ಮರದ ಸಾಲುಗಳ ನಡುವೆ ಕಾಲುವೆ ತೋಡಿ, ಕಾಯಿ ಸುಲಿದ ಮಟ್ಟೆಯನ್ನು ಅದಕ್ಕೆ ತುಂಬಿ ಮಣ್ಣು ಮುಚ್ಚುತ್ತೇವೆ. ಮಟ್ಟೆ ಮಳೆನೀರು ಕುಡಿದು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಬೇರಿಗೆ ಕೊಡುತ್ತದೆ. ರಸ್ತೆಯಲ್ಲಿ ಬಿದ್ದ ಹಳ್ಳ ತುಂಬಿಸುವಾಗಲೂ ಕೈ ತಾನಾಗಿ ಅದನ್ನೇ ಮಾಡಿತು. ಪ್ರತಿ ಮನೆಯ ಹಿತ್ತಲಲ್ಲೂ ಮಟ್ಟೆಯ ರಾಶಿ ಇತ್ತು. ಗಾಡಿಗಟ್ಟಲೆ ತಂದು ಸುರಿದು, ಮೇಲೆ ಕೆಮ್ಮಣ್ಣು ಎಳೆದು, ತುಳಿದು ತುಳಿದು ಗಟ್ಟಿ ಮಾಡಿದೆವು. ನಾನೂ ಹೊತ್ತೆ. ಇದು ತಪ್ಪು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಚರಂಡಿ ತೋಡುವಾಗ ಇನ್ನೊಂದಾಯಿತು. ಅವರವರ ತೋಟದ ನೇರಕ್ಕೆ ಬಂದಾಗ ಅವರವರು ಚರಂಡಿಗೆ ಅಡ್ಡಲಾಗಿ ಒಂದು ಸಣ್ಣ ಕಟ್ಟೆ ಎಬ್ಬಿಸಿದರು. ‘ಒಂಚೂರು ನೀರು ಒಳಕ್ಕೆ ತಿರುಗಿದ್ರೆ ಏನಾಯ್ತದೆ ಬುಡ್ಲಾ’ ಅಂತ ಒಬ್ಬ ಅಂದ, ಉಳಿದವರು ಅಂದುಕೊಂಡರು.

ಬಸ್ಸು ಬಂತು. ಹೂವಿನವಳು ಬುಟ್ಟಿ ತಂದು ಜಗಲಿ ಮೇಲೆ ಕೂತಳು. ನಾನು ಬೈದೆ, ನಕ್ಕೆ, ನೀರು ಕೊಟ್ಟೆ. ಆಮೇಲೆ ಒಂದು ಜೋರು ಮಳೆ ಬಂತು. ಚರಂಡಿಗೆ ಇಳಿದ ನೀರು ಕಟ್ಟೆ ಕಟ್ಟೆಗೂ ನಿಂತು, ನಿಂತಲ್ಲಿಂದ ರಸ್ತೆಯೊಳಕ್ಕೆ ಇಳಿದು, ಮಟ್ಟೆಗಳೆಲ್ಲ ಕಂಠಪೂರ್ತಿ ಕುಡಿದವು. ರಸ್ತೆ ಒಂದು ಕಡೆ ಉಬ್ಬಿತು, ಇನ್ನೊಂದು ಕಡೆ ಕುಸಿಯಿತು. ಬೆಳಿಗ್ಗೆ ಹಾಲಿನ ವ್ಯಾನಿನ ಚಕ್ರ ಅಚ್ಚಿನವರೆಗೆ ಹೂತುಕೊಂಡಿತು. ಎದುರು ತೋಟದ ಯಜಮಾನರು ಪಂಚೆ ಎತ್ತಿ ಕಟ್ಟಿ ನಿಂತು ನೋಡಿ, ‘ರಸ್ತೆ ಮಾಡ್ರಲಾ ಅಂದ್ರೆ ತೆಂಗಿನ ಪಾತಿ ಮಾಡವ್ರೆ’ ಅಂದರು. ಅವರ ಕಟ್ಟೆಯೂ ಅದರಲ್ಲಿ ಒಂದಾಗಿತ್ತು. ಎಲ್ಲರೂ ನಗುವಾಗ ಅವರೂ ನಕ್ಕರು.

ಈ ಸಲ ನೀರನ್ನು ಬಿಡಲೇಬೇಕಿತ್ತು. ಗುಡ್ಡದಿಂದ ಇಳಿದ ನೀರು ಎಲ್ಲೂ ನಿಲ್ಲದೆ ಮುಂದೆ ರಸ್ತೆಯಡಿ ಇರುವ ಮೋರಿಗೆ ಹೋಗಬೇಕು, ಅದಕ್ಕೆ ಆಳವಾದ, ಅಗಲವಾದ, ನೇರವಾದ ಚರಂಡಿ ಬೇಕು. ಹಳೆಯ ಜಾಗದಲ್ಲಿ ಗುಡ್ಡದ ಜೊತೆ ಇಳಿದ ಬಂಡೆ ಕೂತಿತ್ತು, ಅಲ್ಲಿ ಅಷ್ಟು ಆಳ ತೋಡಲು ಆಗುವುದಿಲ್ಲ. ಎರಡೇ ದಾರಿ. ಒಂದು, ರಸ್ತೆಯ ಆಚೆ ಬದಿ. ಆದರೆ ಅಲ್ಲಿ ಎದುರು ತೋಟದವರ ಅಂಚಿನ ಸಾಲಿನ ತೆಂಗಿನ ಮರಗಳು ಹೋಗುತ್ತವೆ. ಇನ್ನೊಂದು ಈಚೆ ಬದಿ, ರಸ್ತೆಗೂ ನನ್ನ ಜಗಲಿಗೂ ನಡುವೆ. ಅಲ್ಲಿ ಹೋಗುವುದು ಹೊಂಗೆ ಮರ ಒಂದೇ.

ಎಲ್ಲರೂ ನನ್ನ ಅಂಗಳದಲ್ಲಿ ಸೇರಿದ್ದರು. ನಮ್ಮ ಕಡೆ ಫಲ ಬಿಡುವ ತೆಂಗಿಗೆ ಕೊಡಲಿ ಹಾಕುವುದಿಲ್ಲ. ಮನೆ ಕಟ್ಟುವಾಗ ಮರ ಅಡ್ಡ ಬಂದರೆ ಗೋಡೆಯನ್ನು ಸೊಟ್ಟ ಕಟ್ಟಿದವರು ನಮ್ಮಲ್ಲಿದ್ದಾರೆ. ಎದುರು ತೋಟದ ಯಜಮಾನರು ತಮ್ಮ ಸಾಲಿನ ಕಡೆಗೇ ನೋಡುತ್ತಾ ನಿಂತಿದ್ದರು. ಗೊನೆ ತುಂಬ ಕಾಯಿ ಇದ್ದವು. ‘ಕಡೀರಿ, ಏನ್ ಮಾಡಕಾಯ್ತದೆ’ ಅಂದರು.

ಚರಂಡಿ ಈಚೆ ಬಂದರೆ ಬಸ್ಸು ಇಲ್ಲಿ ನಿಲ್ಲುವುದಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಇಳಿಯುವವರು ಕಾಲಿಡಲು ನೆಲ ಇರುವುದಿಲ್ಲ, ನಿಲ್ಲುವವರಿಗೆ ನೆರಳಿರುವುದಿಲ್ಲ. ಆದರೂ ಆ ಗೊನೆಗಳನ್ನು ನೋಡಿ ನನ್ನ ಬಾಯಿ ತಡೆಯಲಿಲ್ಲ. ‘ಫಲ ಬಿಡೋ ಮರ ಕಡೀಬ್ಯಾಡಿ. ಹೊಂಗೆಗೇನು, ನನ್ನ ಕಡೇನೇ ತೆಗೀರಿ’ ಅಂದೆ.

ಅಂದ ಮೇಲೆ ಕಾದೆ. ‘ಬ್ಯಾಡ ಕಣಕ್ಕಾ, ನಿನ್ ಜಗಲಿ ಹೋಯ್ತದೆ’ ಅಂತ ಯಾರಾದರೂ ಒಬ್ಬರು ಬಾಯಿಮಾತಿಗಾದರೂ ಅನ್ನಬಹುದು ಅಂತ. ಅಂದಿದ್ದರೆ ನಾನೇ ಜೋರು ಮಾಡಿ ಒಪ್ಪಿಸುತ್ತಿದ್ದೆ. ಯಾರೂ ಅನ್ನಲಿಲ್ಲ. ಎಲ್ಲರ ಮುಖ ಒಟ್ಟಿಗೆ ಹಗುರಾಯಿತು. ಒಬ್ಬ ಆಗಲೇ ಹಗ್ಗ ಹಿಡಿದು ಅಳತೆಗೆ ಹೊರಟ. ಎದುರು ತೋಟದವರು ಕೈ ಮುಗಿದರು. ನಾನು ಹೂವಿನವಳ ಕಡೆ ನೋಡಿದೆ. ಅವಳು ಕುಕ್ಕರಗಾಲಲ್ಲಿ ಕೂತು ಉಗುರಿನ ಮಣ್ಣು ಕೀಳುತ್ತಿದ್ದಳು. ನನಗೆ ಕೋಪ ಬಂತು. ಅವಳ ಮೇಲೆ ಬಂದ ಕೋಪ ಇವತ್ತಿಗೂ ಪೂರ್ತಿ ಇಳಿದಿಲ್ಲ, ಅವಳಿಗೆ ಅದು ಗೊತ್ತೂ ಇಲ್ಲ.

ಹೊಂಗೆ ಕಡಿದ ದಿನ ನಾನು ಅಡಿಗೆಮನೆ ಬಿಟ್ಟು ಈಚೆ ಬರಲಿಲ್ಲ. ಮರ ಬಿದ್ದ ಮೇಲೆ ಬಂದು ನೋಡಿದರೆ ಜಗಲಿ ಮೇಲೆ ಬಿಸಿಲು. ಮದುವೆಯಾಗಿ ಬಂದಾಗಿನಿಂದ ಅಲ್ಲಿ ಅಷ್ಟು ಬಿಸಿಲು ಬಿದ್ದದ್ದನ್ನು ನಾನು ಕಂಡಿರಲಿಲ್ಲ. ಸೆರಗು ಬಿಗಿದು ಬಾಂಡ್ಲಿ ಎತ್ತಿಕೊಂಡೆ. ನನ್ನ ಮನೆ ಮುಂದಿನ ಚರಂಡಿಗೆ ನಾನೂ ಮಣ್ಣು ಹೊತ್ತೆ. ಈ ಸಲ ಯಾರೂ ಕಟ್ಟೆ ಎಬ್ಬಿಸಲಿಲ್ಲ, ಯಾರೂ ಮಟ್ಟೆ ತರಲಿಲ್ಲ. ಕಲ್ಲು ಜೋಡಿಸಿ ಅಚ್ಚುಕಟ್ಟಾಗಿ ಮಾಡಿದರು. ನೀರನ್ನು ಸುಮ್ಮನೆ ಹೋಗಲು ಬಿಡುವುದಕ್ಕೆ ಎಲ್ಲರ ಕೈಯೂ ಹಿಂದೇಟು ಹಾಕುತ್ತಿತ್ತು. ಒಬ್ಬರನ್ನೊಬ್ಬರು ಕಾವಲು ಕಾಯ್ದುಕೊಂಡೇ ಕೆಲಸ ಮುಗಿಸಿದರು.

ಗುಡ್ಡ ಜಾರಿದ ದಿನ ಬಿದ್ದಿದ್ದ ನನ್ನ ತೆಂಗಿನ ಮರವನ್ನು ಸೀಳಿ, ಎರಡು ದಿಮ್ಮಿಯನ್ನು ಪಕ್ಕಪಕ್ಕ ಇಟ್ಟು ಚರಂಡಿಗೆ ಅಡ್ಡ ಹಾಕಿಕೊಟ್ಟರು. ‘ಅರಮನೆಗೆ ಸೇತುವೆ ಕಣಕ್ಕಾ, ಈಗ ಯಾರ್ ಬಂದ್ರೂ ನಿನ್ ಅಪ್ಪಣೆ ಬೇಕು’ ಅಂತ ಒಬ್ಬ ತಮಾಷೆ ಮಾಡಿದ. ಎಲ್ಲರೂ ನಕ್ಕರು. ಹಾರೆ, ಗುದ್ದಲಿ ಹೆಗಲಿಗೇರಿಸಿಕೊಂಡು ಹೋದರು. ಅಂಗಳದಲ್ಲಿ ಒಲೆಯ ಮೂರು ಕಲ್ಲು ಉಳಿದವು.

ಮುಂದಿನ ಮಳೆಗೆ ಚರಂಡಿ ತುಂಬಿ ಹರಿಯಿತು. ರಸ್ತೆ ಅಲ್ಲಾಡಲಿಲ್ಲ. ಬಸ್ಸು ಈಗ ನನ್ನ ಮನೆ ದಾಟಿ, ಮೋರಿ ದಾಟಿ, ಡೇರಿಯ ಮುಂದಿನ ಬಯಲಿನಲ್ಲಿ ನಿಲ್ಲುತ್ತದೆ. ಅಲ್ಲಿ ತಗಡಿನ ಚಪ್ಪರವನ್ನೂ ಹಾಕಿದರು. ದೂರವೇನಲ್ಲ, ಗಾಳಿ ಈ ಕಡೆಗಿದ್ದರೆ ಅವರ ನಗು ನನಗೆ ಕೇಳಿಸುತ್ತದೆ. ಆದರೆ ದಿಮ್ಮಿ ದಾಟಿ ನೀರು ಕೇಳಲು ಯಾರು ಬರುತ್ತಾರೆ? ದಿಮ್ಮಿ ಜಾರುತ್ತದೆ, ವಯಸ್ಸಾದವರಿಗೆ ಹೆದರಿಕೆ. ರಸ್ತೆಯಲ್ಲಿ ಹೋಗುವವರು ‘ಚೆನ್ನಾಗಿದೀಯಾ ಅಕ್ಕಾ?’ ಅಂತ ಕೂಗುತ್ತಾರೆ. ‘ಚೆನ್ನಾಗಿವ್ನಿ’ ಅಂತ ನಾನು ಕೂಗುತ್ತೇನೆ. ಅಷ್ಟರಲ್ಲಿ ಅವರು ದಾಟಿ ಹೋಗಿರುತ್ತಾರೆ.

ಜಗಲಿಯನ್ನು ದಿನಾ ಸಾರಿಸುವುದು ಬಿಟ್ಟೆ. ಒಂದು ಬೆಳಿಗ್ಗೆ ತಡೆಯಲಾಗದೆ ಒಳ್ಳೆಯ ಸೀರೆ ಉಟ್ಟು, ಬ್ಯಾಗು ಹಿಡಿದು ಡೇರಿ ಮುಂದಕ್ಕೆ ಹೋದೆ. ಹೂವಿನವಳು ಇದ್ದಳು. ಹೂವನ್ನು ಮನೆಯಲ್ಲೇ ಕಟ್ಟಿ ತಂದಿದ್ದಳು. ‘ಎಲ್ಲಿಗಕ್ಕಾ, ನೊಣವಿನಕೆರೆ ಕಡೆಗಾ? ನೆಂಟರ ಮನೆಗಾ?’ ಅಂದಳು. ‘ಹೂಂ ಕಣೇ, ಕೆಲ್ಸ ಐತೆ’ ಅಂದೆ. ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತೆ. ಹೇಳಬೇಕಾದದ್ದು ಬಹಳ ಇತ್ತು. ಯಾರ ಸುದ್ದಿಯಿಂದ ಶುರು ಮಾಡಬೇಕು ಅಂತ ಯೋಚಿಸುವಷ್ಟರಲ್ಲಿ ಅವಳು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದಳು. ಬಸ್ಸಿನಲ್ಲಿ ಅವಳು ದಿನಾ ನಿದ್ದೆ ಮಾಡುತ್ತಾಳಂತೆ, ಕಂಡಕ್ಟರ್ ಹೇಳಿದ. ಇಷ್ಟು ವರ್ಷ ನನಗೆ ಅದು ಗೊತ್ತಿರಲಿಲ್ಲ. ನಾನು ಅವಳನ್ನು ಕಂಡಿದ್ದು ಜಗಲಿ ಮೇಲೆ ಮಾತ್ರ.

ಕಂಡಕ್ಟರ್ ‘ಎಲ್ಲಿಗಮ್ಮಾ?’ ಅಂದ. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ, ಆದರೂ ಚೀಟಿ ಹರಿಯಲು ಅವನಿಗೆ ಊರು ಬೇಕು. ‘ಕ್ರಾಸ್’ ಅಂದೆ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದು ಒಂದು ಕಾಫಿ ಕುಡಿದೆ. ಕಾಯಿ ತುಂಬಿದ ಲಾರಿಗಳನ್ನು ನೋಡುತ್ತಾ ನಿಂತೆ. ಅಲ್ಲಿ ಜನವೋ ಜನ. ಒಬ್ಬರನ್ನೂ ಬೈಯುವ ಹಾಗಿರಲಿಲ್ಲ. ಅದೇ ಬಸ್ಸು ತಿಪಟೂರಿನಿಂದ ಹಿಂದಿರುಗಿ ಬಂದಾಗ ಹತ್ತಿದೆ.

ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಹೆಂಗಸು, ನಮ್ಮೂರಿಗಿಂತ ಮುಂದಿನ ಊರಿಗೆ ಹೋಗುವವಳು. ಗುಡ್ಡದ ಬುಡ ಬಂತು. ‘ಇಲ್ಲಿ ಒಂಚೂರು ನಿಲ್ಸಪ್ಪಾ, ನಮ್ಮನೆ’ ಅನ್ನೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ಮನೆಯ ಪಕ್ಕಕ್ಕೇ ಬಂದಿತ್ತು. ಬಸ್ಸಿನ ಕಿಟಕಿಯಿಂದ ನನ್ನ ಮನೆಯನ್ನು ನಾನು ನೋಡಿದ್ದು ಅದೇ ಮೊದಲು; ಬೆಳಿಗ್ಗೆ ಹೋಗುವಾಗ ಮಾತು ಹುಡುಕುತ್ತಾ ಆಚೆ ನೋಡಿರಲಿಲ್ಲ. ಯಾವತ್ತೂ ನಾನು ಜಗಲಿ ಮೇಲಿದ್ದು ಬಸ್ಸನ್ನು ನೋಡಿದವಳು. ಉದ್ದಕ್ಕೆ ಬಿಸಿಲು ಬಿದ್ದ ಜಗಲಿ, ಸಾರಿಸದೆ ಪುಡಿ ಎದ್ದಿದೆ. ಗೋಡೆಯಲ್ಲಿ ಸುಣ್ಣದ ಗೆರೆ, ಮುಚ್ಚಿದ ಬಾಗಿಲು.

‘ಎಂಥಾ ಜಗಲಿ ನೋಡಿ, ಹಾಳು ಬಿದ್ದದೆ’ ಅಂದಳು ಪಕ್ಕದವಳು. ‘ಯಾರೂ ಇಲ್ವೇನೋ ಆ ಮನೇಲಿ.’

‘ಅವ್ಳೆ ಒಬ್ಳು’ ಅಂದೆ. ‘ಬಾಯಿ ಬಾಳ ಜೋರು.’

‘ಮತ್ತೆ ಎಲ್ಲೋಗವ್ಳೆ?’

‘ಇಲ್ಲೇ ಎಲ್ಲೋ ಹೋಗವ್ಳೆ. ಈಗ ಬತ್ತಾಳೆ.’

ಡೇರಿ ಮುಂದೆ ಇಳಿದೆ. ಬಸ್ಸು ಮುಂದಕ್ಕೆ ಹೋಯಿತು, ನಾನು ಹಿಂದಕ್ಕೆ ನಡೆದೆ. ಚರಂಡಿಯಲ್ಲಿ ನೀರು ಎಲ್ಲೂ ನಿಲ್ಲದೆ ಮೋರಿಯ ಕಡೆ ಹೋಗುತ್ತಿತ್ತು, ನಾವು ಮಾಡಿದ ಹಾಗೆಯೇ. ದಿಮ್ಮಿಯ ಮೇಲೆ ಹುಷಾರಾಗಿ ಕಾಲಿಟ್ಟು ದಾಟಿ, ಜಗಲಿಯ ಮುಂದೆ ನಿಂತುಕೊಂಡೆ. ಆ ಕಡೆ ಈ ಕಡೆ ನೋಡಿದೆ, ಯಾರೂ ಇರಲಿಲ್ಲ.

‘ನಿಮ್ಮಪ್ಪನ ಮನೆ ಜಗಲಿ ಏನ್ರೋ ಇದು?’ ಅಂತ ಕೂಗಿದೆ. ಗಂಟಲು ಗೊಗ್ಗರಾಗಿತ್ತು. ಕೊಟ್ಟಿಗೆಯಿಂದ ಹಸು ಒಂದು ಸಲ ಕೂಗಿತು. ಹೋಗಿ ಅದಕ್ಕೆ ನೀರಿಟ್ಟೆ.